ಪಾಯ ತೋಡುವ ದಿನವೇ ಸುಣ್ಣ ನೆನೆಯಲಿ

ಮೈಸೂರಿನ ಹಳೆಯ ಬಡಾವಣೆಗಳಿಂದ ಮಳೆಗಾಲದ ಕೊನೆಗೆ ನನಗೆ ಬರುವ ಕರೆಗಳದ್ದು ಒಂದೇ ದೂರು. ‘ಹೋದ ವರ್ಷ ತಾನೇ ಪುಟ್ಟಿ ಹಾಕಿಸಿ ಪೇಂಟ್ ಮಾಡಿಸಿದ್ದೆವು. ಆಗಲೇ ಗೋಡೆ ಉಬ್ಬಿಕೊಂಡಿದೆ, ಚಕ್ಕೆ ಏಳುತ್ತಿದೆ, ಮನೆಯೆಲ್ಲ ಮುಗ್ಗಲು ವಾಸನೆ.’ ನಾನು ಸಿವಿಲ್ ಎಂಜಿನಿಯರ್, ಹಳೆಯ ಮನೆಗಳ ದುರಸ್ತಿಯೇ ನನ್ನ ಕಸುಬು. ಹೋದ ಕೂಡಲೇ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡುತ್ತೇನೆ. ಟೊಳ್ಳು ಸದ್ದು ಬಂದ ಕಡೆ ಉಳಿ ಹಾಕಿ ಎಬ್ಬಿಸಿದರೆ ಪದರಗಳು ಒಂದರ ಕೆಳಗೊಂದು ಕಾಣುತ್ತವೆ: ಎಮಲ್ಷನ್ ಬಣ್ಣ, ಅದರ ಕೆಳಗೆ ಪುಟ್ಟಿ, ಅದರ ಕೆಳಗೆ ಸಿಮೆಂಟ್ ಗಿಲಾವು, ಎಲ್ಲಕ್ಕಿಂತ ಒಳಗೆ ಮನೆ ಕಟ್ಟಿದಾಗಿನ ಸುಣ್ಣದ ಗಾರೆ. ಸಿಮೆಂಟ್ ಮುಟ್ಟದೆ ಉಳಿದ ಒಂದು ಮೂಲೆ, ಬೀರುವಿನ ಹಿಂದೆಯೋ ದೇವರ ಮನೆಯ ಗೂಡಿನಲ್ಲೋ ಸಿಕ್ಕಿದರೆ, ಆ ಗಾರೆಯ ಮೇಲ್ಮೈ ಇಂದಿಗೂ ಅಂಗೈಗೆ ತಣ್ಣಗೆ, ನುಣ್ಣಗೆ ಸಿಗುತ್ತದೆ. ಅಜ್ಜನ ಕಾಲದ ಕೆಲಸ ಗಟ್ಟಿಯಾಗಿಯೇ ಇದೆ. ಮೊನ್ನೆ ಮೊನ್ನೆ ಮಾಡಿಸಿದ್ದು ಉದುರುತ್ತಿದೆ.

ಇದಕ್ಕೆ ಕಾರಣ ಸರಳ. ಆ ಕಾಲದ ಮನೆಗಳ ಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟಿನ ಪಟ್ಟಿ ಇರುವುದಿಲ್ಲ. ನೆಲದ ನೀರು ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ, ಜೊತೆಗೆ ಮಣ್ಣಿನ ಉಪ್ಪನ್ನೂ ತರುತ್ತದೆ. ಸುಣ್ಣದ ಗಾರೆ ಆ ತೇವವನ್ನು ತಡೆಯಲು ಹೋಗುವುದಿಲ್ಲ. ಆವಿಯಾಗಿ ಹೊರಗೆ ಹೋಗಲು ಬಿಡುತ್ತದೆ. ಮಳೆಗಾಲದಲ್ಲಿ ಹೀರಿದ್ದನ್ನು ಬೇಸಗೆಯಲ್ಲಿ ಬಿಟ್ಟುಕೊಟ್ಟು ಗೋಡೆ ತನ್ನಷ್ಟಕ್ಕೆ ತಾನು ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿ, ಪುಟ್ಟಿ ಎಳೆದು, ಪ್ಲಾಸ್ಟಿಕ್ ಅಂಶದ ಬಣ್ಣ ಬಳಿದರೆ ತೇವಕ್ಕೆ ಹೊರದಾರಿಯೇ ಉಳಿಯುವುದಿಲ್ಲ. ಉಪ್ಪು ಪದರಗಳ ನಡುವೆ ಹರಳುಗಟ್ಟಿ ಉಬ್ಬುತ್ತದೆ, ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ಸಿಮೆಂಟ್ ಬಿಗಿ, ಹಳೆಯ ಇಟ್ಟಿಗೆ ಮೆದು. ಇಬ್ಬರ ಜಗಳದಲ್ಲಿ ಸೋಲುವುದು ಇಟ್ಟಿಗೆಯೇ. ಆಮೇಲೆ ಮಾಲೀಕರು ಇನ್ನಷ್ಟು ಸಿಮೆಂಟ್, ಇನ್ನಷ್ಟು ವಾಟರ್‌ಪ್ರೂಫಿಂಗ್ ಹಚ್ಚಿಸುತ್ತಾರೆ. ತೇವ ಇನ್ನೂ ಒಂದಡಿ ಮೇಲೇರುತ್ತದೆ.

ಹಾಗಾಗಿ ನಾನು ಸುಣ್ಣದ ಪರ. ಅದರಲ್ಲೂ ಒಳಗೋಡೆಗೆ ಕಲ್ಲಿನಿಂದ ಉಜ್ಜಿ ಹೊಳಪು ತರಿಸಿದ ಸುಣ್ಣದ ಗಾರೆಯ ಪರ. ಹಳೆಯ ಕಾಲದ ಚೆಲುವು ಮರಳಲಿ ಎಂಬ ಹಂಬಲ ಇದರ ಹಿಂದಿಲ್ಲ. ಬಣ್ಣ ಬೇಡದ, ವರ್ಷ ವರ್ಷ ಕೆರೆದು ಬಳಿಯಬೇಕಿಲ್ಲದ, ತೇವದೊಂದಿಗೆ ಬಾಳಬಲ್ಲ ಮೇಲ್ಮೈ ನಮ್ಮ ಹವೆಗೆ ಬೇಕು. ಅದನ್ನು ಮಾಡುವ ಬಗೆ ನಮ್ಮ ಸುತ್ತಲೇ ಇದೆ. ಆದರೆ ಸುಣ್ಣಕ್ಕೆ ಬೇಕಾದ ಒಂದು ವಸ್ತುವನ್ನು ಕೊಡಲು ಮನೆ ಕಟ್ಟಿಸುವವರೂ ಟೆಂಡರ್ ಕರೆಯುವವರೂ ಒಪ್ಪುತ್ತಿಲ್ಲ. ಆ ವಸ್ತು ಕಾಲ.

ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಕಿಲೋ ಶುದ್ಧ ಕಲ್ಲಿನಿಂದ 56 ಕಿಲೋ ಸುಟ್ಟಸುಣ್ಣ ಉಳಿಯುತ್ತದೆ. ಅದನ್ನು ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಹೀಗೆ ಅರಳಿದ ಸುಣ್ಣ ಗೋಡೆಯ ಮೇಲೆ ಕೂತ ಮೇಲೆ, ತಾನು ಕಳೆದುಕೊಂಡ ಕಾರ್ಬನ್ ಡೈಆಕ್ಸೈಡನ್ನು ಗಾಳಿಯಿಂದ ನಿಧಾನವಾಗಿ ಮರಳಿ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಎಂದರೆ ಒಳ್ಳೆಯ ಸುಣ್ಣದ ಗೋಡೆಗೆ ನಾವು ಹಚ್ಚುವುದು ಬಣ್ಣವನ್ನಲ್ಲ, ತೆಳುವಾದೊಂದು ಕಲ್ಲಿನ ಹಾಳೆಯನ್ನು. ಸಿಮೆಂಟಿಗೂ ಮೂಲ ಅದೇ ಸುಣ್ಣಕಲ್ಲು. ಆದರೆ ಅದರ ಗೂಡು 1,450 ಡಿಗ್ರಿಯವರೆಗೆ ಕಾಯಬೇಕು. ನಮ್ಮ ಕಲಬುರಗಿ, ಬಾಗಲಕೋಟೆ ಕಡೆಯ ಸುಣ್ಣಕಲ್ಲಿನ ಹಾಸುಗಳು ಸಿಮೆಂಟ್ ಕಾರ್ಖಾನೆಗಳನ್ನು ಸಾಕುತ್ತಿವೆ. ಅದೇ ಕಲ್ಲಿನಿಂದಾದ ಒಳ್ಳೆಯ ಸುಣ್ಣವನ್ನು ಮೈಸೂರಿನಲ್ಲಿ ಹುಡುಕಿ ತರಬೇಕಾಗಿದೆ.

ಕೆಲಸ ಹೇಗೆ ನಡೆಯುತ್ತದೆಂದು ಹೇಳುತ್ತೇನೆ, ಕಾಲ ಎಲ್ಲಿ ಬೇಕೆಂಬುದು ಅದರಲ್ಲೇ ತಿಳಿಯುತ್ತದೆ. ತೊಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸುಟ್ಟಸುಣ್ಣ. ಸುಣ್ಣದ ಮೇಲೆ ನೀರು ಸುರಿಯಬಾರದು. ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕವಿಲ್ಲದ ಯಾರನ್ನೂ ನಾನು ತೊಟ್ಟಿಯ ಹತ್ತಿರ ಬಿಡುವುದಿಲ್ಲ. ಕುದಿ ಇಳಿದ ಮೇಲೆ ಕಲಕಿ, ಜರಡಿ ಹಿಡಿದು, ಮೇಲೆ ಒಂದು ಗೇಣು ನೀರು ನಿಲ್ಲಿಸಿ ಮುಚ್ಚಿಡಬೇಕು. ನೀರಿನಡಿ ಗಾಳಿ ತಾಗದು, ಸುಣ್ಣ ಗಟ್ಟಿಯಾಗದು. ದಿನ ಕಳೆದಂತೆ ಅದರ ಕಣಗಳು ಸಣ್ಣವಾಗುತ್ತವೆ, ಅರಳದೆ ಉಳಿದ ತರಿಗಳೂ ಅರಳುತ್ತವೆ. ಆತುರಪಟ್ಟು ಬಳಸಿದರೆ ಆ ತರಿಗಳು ಗೋಡೆಯ ಮೇಲೇ ಅರಳುತ್ತವೆ. ನುಣುಪಾಗಿದ್ದ ಮೇಲ್ಮೈಯಿಂದ ಪುಟ್ಟ ಪುಟ್ಟ ಬಿಲ್ಲೆಗಳು ಚಿಮ್ಮಿ ಗುಳಿ ಬೀಳುತ್ತದೆ. ಹದವಾದ ಸುಣ್ಣ ಎಷ್ಟು ನಯವಾಗಿರುತ್ತದೆ ಎಂಬುದು ವೀಳ್ಯದೆಲೆ ಹಾಕುವವರಿಗೆ ಗೊತ್ತು. ಡಬ್ಬಿಯಲ್ಲಿ ಹಳತಾದ ಆ ಸುಣ್ಣ ಬೆರಳಿಗೆ ಬೆಣ್ಣೆಯ ಹಾಗೆ ಹತ್ತುತ್ತದೆ. ಮೂರು ವರ್ಷ ಹಳತಾಗದ ಸುಣ್ಣವನ್ನು ಗುತ್ತಿಗೆದಾರ ಬಳಸಕೂಡದೆಂದು ರೋಮನ್ನರ ಹಳೆಯ ಕಟ್ಟಡ ಕಾನೂನಿನಲ್ಲಿ ಇತ್ತೆಂದು ಅಲ್ಲಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಮೂರು ವರ್ಷ ನಾನು ಕೇಳುತ್ತಿಲ್ಲ. ಮೂರು ತಿಂಗಳಾದರೂ ಕೊಡಿ.

ಗೋಡೆಯನ್ನು ಹಿಂದಿನ ದಿನದಿಂದಲೇ ನೀರು ಹೊಡೆದು ತೋಯಿಸುತ್ತೇವೆ. ಮೊದಲ ಕೋಟು ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು, ಅದರಲ್ಲೊಂದಿಷ್ಟು ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ. ಸುರ್ಕಿ ಎನ್ನುವ ಈ ಪುಡಿ ಸುಣ್ಣದೊಂದಿಗೆ ಕೂಡಿ ತೇವದಲ್ಲೂ ಗಟ್ಟಿಯಾಗುವ ಗುಣ ಕೊಡುತ್ತದೆ. ಎರಡನೆಯ ಕೋಟು ತೆಳ್ಳಗೆ, ಮರಳು ಇನ್ನೂ ಸಣ್ಣದು. ಮೂರನೆಯದರಲ್ಲಿ ಮರಳಿನ ಬದಲು ಅಮೃತಶಿಲೆಯ ಪುಡಿ. ಕೊನೆಯದು ಬರೀ ಸುಣ್ಣದ ಕೆನೆ, ಒಂದು ಮಿಲಿಮೀಟರಿಗಿಂತ ತೆಳು. ದಪ್ಪ ಕೋಟುಗಳ ನಡುವೆ ಕಾಯಬೇಕು, ತೆಳು ಕೋಟುಗಳ ನಡುವೆ ಕಾಯಬಾರದು. ಹಸಿಯ ಮೇಲೆ ಹಸಿ ಕೂತರೆ ಮಾತ್ರ ಅವು ಒಂದಾಗುತ್ತವೆ. ಒಂದು ಗೋಡೆ ಹಿಡಿದರೆ ಅದೇ ದಿನ ಮೂಲೆಯಿಂದ ಮೂಲೆಗೆ ಮುಗಿಸಬೇಕು. ನಡುವೆ ನಿಲ್ಲಿಸಿದರೆ ಜೋಡಣೆಯ ಗೆರೆ ಜೀವಮಾನವಿಡೀ ಕಾಣುತ್ತದೆ. ಅದಕ್ಕೇ ನಮ್ಮ ಆಳುಗಳು ಅಂದು ಸರದಿಯ ಮೇಲೆ ಊಟಕ್ಕೆ ಹೋಗುತ್ತಾರೆ.

ಆಮೇಲೆ ಬರುವುದು ಉಜ್ಜುವ ಕೆಲಸ. ನನ್ನೊಂದಿಗೆ ಕೆಲಸ ಮಾಡುವ ಹಿರಿಯ ಮೇಸ್ತ್ರಿ ಮುಂಗೈಯನ್ನು ಗೋಡೆಗೆ ತಾಗಿಸಿ ನೋಡುತ್ತಾರೆ. ಬೆರಳು ಒತ್ತಿದರೆ ಗುರುತು ಬೀಳಬಾರದು, ಮುಂಗೈಗೆ ಮಾತ್ರ ಇನ್ನೂ ತಂಪು ತಾಗಬೇಕು. ಆ ಗಳಿಗೆ ಬಂದಾಗ ಉಕ್ಕಿನ ಕರಣೆಯನ್ನು ಓರೆಯಾಗಿ ಹಿಡಿದು ಬಲವಾಗಿ ಒತ್ತಿ ಎಳೆಯುತ್ತಾರೆ, ನಂತರ ಹೊಳೆಯಲ್ಲಿ ಸವೆದ ನುಣುಪು ಕಲ್ಲಿನಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜುತ್ತಾರೆ. ಒತ್ತಡಕ್ಕೆ ಕಣಗಳು ಒತ್ತಾಗಿ ಕೂತು ಗೋಡೆಯಲ್ಲಿ ಕಿಟಕಿಯ ಬೆಳಕು ತೇಲತೊಡಗುತ್ತದೆ. ಗಳಿಗೆ ಮೀರಿದರೆ ಎಷ್ಟು ಉಜ್ಜಿದರೂ ಕಲ್ಲು ಕಪ್ಪು ಗೀರು ಎಳೆಯುತ್ತದೆಯೇ ಹೊರತು ಹೊಳಪು ಬರುವುದಿಲ್ಲ. ‘ಸುಣ್ಣಕ್ಕೆ ಆತುರ ಆಗಾಕಿಲ್ಲ ಸಾರ್. ಚದರಡಿ ಲೆಕ್ಕದಲ್ಲಿ ಕೆಲ್ಸ ಕೊಟ್ರೆ ಕಲ್ಲು ಹಿಡ್ದು ಕೂರೋರು ಯಾರು?’ ಎಂದು ಅವರು ಕೇಳಿದ ಮಾತಿಗೆ ನಮ್ಮ ಗುತ್ತಿಗೆ ಪದ್ಧತಿಯಲ್ಲಿ ಉತ್ತರವಿಲ್ಲ.

ಈ ವಿದ್ಯೆ ಯಾವುದೋ ಒಂದು ನಾಡಿನ ಸ್ವತ್ತಲ್ಲ. ಮರಳಿನ ಗಾರೆ ಮೂರು ಕೋಟು, ಅದರ ಮೇಲೆ ಅಮೃತಶಿಲೆಯ ಪುಡಿಯ ಕೋಟುಗಳು ಬೇಕೆಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕಟ್ಟಡ ವಿದ್ಯೆಯ ತನ್ನ ಏಳನೆಯ ಪುಸ್ತಕದಲ್ಲಿ ಹೇಳಿದ್ದಾನೆ. ಮೊರಾಕೊದ ಮರಾಕೆಶ್‌ನಲ್ಲಿ ಸ್ನಾನದ ಮನೆಗಳಿಗೇ ತಾದೆಲಕ್ತ್ ಎಂಬ ಸುಣ್ಣದ ಗಾರೆ ಮಾಡುತ್ತಾರೆ. ಕಲ್ಲಿನಿಂದ ಉಜ್ಜಿ ಆಲಿವ್ ಎಣ್ಣೆಯ ಕಪ್ಪು ಸಾಬೂನು ಹಚ್ಚುತ್ತಾರೆ. ಸಾಬೂನು ಸುಣ್ಣದೊಂದಿಗೆ ಸೇರಿ ನೀರಿನಲ್ಲಿ ಕರಗದ ಪದರವಾಗುತ್ತದೆ. ಜೈಪುರದ ಆರಾಯಿಶ್ ಕೆಲಸದಲ್ಲಿ ಅಕೀಕದ ಕಲ್ಲಿನಿಂದ ಉಜ್ಜಿ ಕೊಬ್ಬರಿ ಎಣ್ಣೆ ಸವರುತ್ತಾರೆ. ಅಂಬರ್ ಕೋಟೆಯ ಒಳಗೋಡೆಗಳಲ್ಲಿ ಅದನ್ನು ನೋಡಬಹುದು. ತಮಿಳುನಾಡಿನ ಕಾರೈಕುಡಿ ಸುತ್ತಲಿನ ಚೆಟ್ಟಿನಾಡು ಮನೆಗಳ ಗೋಡೆಗಳು, ಚಿಪ್ಪಿನ ಸುಣ್ಣದಿಂದಾದ ಮದ್ರಾಸಿನ ಗಾರೆ ಇವೆಲ್ಲ ಹೆಸರಾದವೇ.

ನಮ್ಮಲ್ಲೂ ಕಡಿಮೆಯಿಲ್ಲ. ಹಂಪಿಯ ಕಮಲ ಮಹಲಿನ ಕಮಾನುಗಳ ನಾಜೂಕು ಕೆಲಸ ನಿಂತಿರುವುದು ಸುಣ್ಣದ ಗಾರೆಯಲ್ಲಿ. ಉತ್ತರ ಕನ್ನಡದಿಂದ ಗೋವೆಯವರೆಗಿನ ದೇವಸ್ಥಾನಗಳಲ್ಲಿ ಕಾವಿ ಕಲೆ ಇದೆ. ಚಿಪ್ಪಿನ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಕೊಳೆಹಾಕಿ ಕುಟ್ಟಿ ಗಾರೆ ಮಾಡಿ, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ಪದರ ಹಚ್ಚಿ, ನುಣುಪಾಗಿ ಉಜ್ಜಿ, ಹಸಿ ಇರುವಾಗಲೇ ಕೆರೆದು ಬಿಳಿಯ ಚಿತ್ರ ಬಿಡಿಸುತ್ತಾರೆ. ಹೊನ್ನಾವರದ ವಿಜ್ಞಾನಿ, ಲೇಖಕ ಕೃಷ್ಣಾನಂದ ಕಾಮತರು ಊರೂರು ಅಲೆದು ಈ ಕಲೆಯನ್ನು ದಾಖಲಿಸಿದರು. ಕರಾವಳಿಯ ಸುರಿಮಳೆಯ ಗಾಳಿಯಲ್ಲಿ ತಲೆಮಾರುಗಟ್ಟಲೆ ನಿಂತ ಆ ಗೋಡೆಗಳಿಗಿಂತ ದೊಡ್ಡ ಪ್ರಮಾಣಪತ್ರ ಸುಣ್ಣಕ್ಕೆ ಬೇಕಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಅಂಥ ಗೋಡೆಗಳನ್ನು ಕೆಡವಿ ಟೈಲ್ಸ್ ಅಂಟಿಸುವುದನ್ನು ಕಂಡಾಗ ನನಗೆ ಆಗುವುದು ಬೇಸರವಲ್ಲ, ಸಿಟ್ಟು.

ಸುಣ್ಣದ ಮಾತೆತ್ತಿದರೆ ಸಾಕು, ಜನ ಕೇಳುವುದು ‘ಮೊಟ್ಟೆ ಎಷ್ಟು ಹಾಕಬೇಕು? ಬೆಲ್ಲ ಎಷ್ಟು? ಅಳಲೆಕಾಯಿ ಸಿಗುತ್ತದೆಯೇ?’ ಎಂದು. ಇವುಗಳಿಗೆ ಅರ್ಥ ಇಲ್ಲವೆಂದಲ್ಲ. ಬೆಲ್ಲದ ಸಕ್ಕರೆ ನೀರಿನಲ್ಲಿ ಸುಣ್ಣ ಹೆಚ್ಚು ಕರಗುವಂತೆ ಮಾಡುತ್ತದೆ. ಅಳಲೆಕಾಯಿಯ ಒಗರು ಗಾರೆ ಬೇಗ ಬಿಗಿಯದಂತೆ ನೋಡಿಕೊಳ್ಳುತ್ತದೆ. ಮೊಟ್ಟೆಯ ಬಿಳಿ, ಮೊಸರು ಇವುಗಳ ಪ್ರೋಟೀನು ಮೇಲ್ಮೈಗೆ ಅಂಟು ಕೊಡುತ್ತದೆ. ಆದರೆ ಗುಟ್ಟು ಅಲ್ಲೇ ಇದೆ ಎಂದು ನಂಬುವುದು ತಪ್ಪು. ಹಸಿ ಸುಣ್ಣಕ್ಕೆ ಬುಟ್ಟಿ ಮೊಟ್ಟೆ ಒಡೆದರೂ ಗೋಡೆ ಬಿರಿಯುತ್ತದೆ. ಹದವಾದ ಸುಣ್ಣ, ತೊಳೆದ ಮರಳು, ತೋಯ್ದ ಗೋಡೆ, ಸರಿಯಾದ ಗಳಿಗೆಯಲ್ಲಿ ಬಿದ್ದ ಕಲ್ಲು ಇಷ್ಟಿದ್ದರೆ ಏನೂ ಬೆರೆಸದೆ ಹೊಳಪು ಬರುತ್ತದೆ. ಮೊಟ್ಟೆಯ ಕತೆಯನ್ನು ಹಿಗ್ಗಿಸಿ ಹೇಳಿದಷ್ಟೂ ಕೆಲಸಗಾರನ ಕೈಚಳಕ ಮರೆಗೆ ಸರಿಯುತ್ತದೆ.

ಇನ್ನೊಂದು ಕಡೆ, ದೊಡ್ಡ ಊರುಗಳ ಅಂಗಡಿಗಳಲ್ಲಿ ವೆನೀಷಿಯನ್ ಪ್ಲಾಸ್ಟರ್ ಎಂಬ ಹೆಸರಿನ ಡಬ್ಬಗಳು ಒಳ್ಳೆಯ ಬೆಲೆಗೆ ಬಿಕರಿಯಾಗುತ್ತಿವೆ. ಅವುಗಳಲ್ಲಿ ನಿಜವಾದ ಸುಣ್ಣದವೂ ಇವೆ. ಅಕ್ರಿಲಿಕ್ ಅಂಟಿನವೂ ಇವೆ. ಎರಡೂ ಹೊಳೆಯುತ್ತವೆ. ಆದರೆ ಎರಡನೆಯದು ಬಣ್ಣವೇ ಹೊರತು ಗಾರೆಯಲ್ಲ. ತೇವದ ಗೋಡೆಗೆ ಹಚ್ಚಿದರೆ ಮತ್ತೆ ಅದೇ ಉಬ್ಬು, ಅದೇ ಚಕ್ಕೆ. ಡಬ್ಬದ ಮೇಲಿನ ಹೆಸರು ನೋಡಬೇಡಿ, ಒಳಗೆ ಏನಿದೆ ಎಂದು ಬರೆದದ್ದನ್ನು ಓದಿ. ಅಂಟಿಸುವ ವಸ್ತು ಸುಣ್ಣವೋ ಅಕ್ರಿಲಿಕ್ಕೋ ಎಂದು ಅಂಗಡಿಯವರನ್ನು ನೇರವಾಗಿ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಸುಣ್ಣಕ್ಕೆ ಮಿತಿಗಳಿವೆ. ಹುಣಸೆ ರಸ, ನಿಂಬೆಹಣ್ಣು ತಾಗಿದರೆ ಹೊಳಪು ತಿಂದುಹೋಗುತ್ತದೆ, ಆದ್ದರಿಂದ ಅಡುಗೆ ಕಟ್ಟೆಯ ಹಿಂದಿನ ಗೋಡೆಗೆ ನಾನು ಅದನ್ನು ಮಾಡಿಕೊಡುವುದಿಲ್ಲ. ಪಿಒಪಿ ಮೇಲೆ, ಹಳೆಯ ಬಣ್ಣದ ಮೇಲೆ ಅದು ಹಿಡಿಯುವುದಿಲ್ಲ, ತಳದವರೆಗೆ ಕೆರೆಯಬೇಕು. ಸೋರುವ ಪೈಪನ್ನೋ ತಾರಸಿಯನ್ನೋ ಸರಿಮಾಡದೆ ಸುಣ್ಣ ಹಚ್ಚಿ ಪವಾಡ ಕಾಯಬಾರದು. ಮೊದಲ ವಾರಗಳಲ್ಲಿ ಫ್ಯಾನು ಹಾಕಿ ಒಣಗಿಸಕೂಡದು, ಮಂಜಿನಂತೆ ನೀರು ಸಿಂಪಡಿಸುತ್ತಿರಬೇಕು. ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಎರಡು ವಾರ ಇರುವಾಗ ಬಂದು ಸುಣ್ಣದ ಗೋಡೆ ಬೇಕೆನ್ನುವವರಿಗೆ ನಾನು ಇಲ್ಲ ಎನ್ನುತ್ತೇನೆ.

ಮೊದಲ ಖರ್ಚು ಜಾಸ್ತಿ ಎನ್ನುವುದೂ ನಿಜ. ಆದರೆ ಆ ಜಾಸ್ತಿ ಹೋಗುವುದೆಲ್ಲಿಗೆ? ಸಿಮೆಂಟು, ಪುಟ್ಟಿ, ಬಣ್ಣದಲ್ಲಿ ದುಡ್ಡಿನ ದೊಡ್ಡ ಪಾಲು ಕಾರ್ಖಾನೆಗೆ. ಸುಣ್ಣದಲ್ಲಿ ದೊಡ್ಡ ಪಾಲು ಕೂಲಿಗೆ, ಊರಿನ ಕೈಗಳಿಗೆ. ನಮ್ಮ ತಂಡದಲ್ಲಿ ಕೊನೆಯ ಹೊಳಪು ತರಿಸುವಲ್ಲಿ ಹೆಂಗಸರ ಕೈ ಗಂಡಸರಿಗಿಂತ ಪಳಗಿದ್ದು. ಒಂದೇ ಸಮನೆ ಒತ್ತಡ, ಬಿಡದ ತಾಳ್ಮೆ ಆ ಕೆಲಸಕ್ಕೆ ಬೇಕು. ಆದರೂ ಊರಿನ ಕೂಲಿ ಪದ್ಧತಿಯಲ್ಲಿ ಅವರು ಗಾರೆ ಹೊರುವ ಹೆಣ್ಣಾಳುಗಳು, ಮೇಸ್ತ್ರಿಯ ಕೂಲಿ ಅವರಿಗಿಲ್ಲ. ಕಲ್ಲು ಹಿಡಿದು ಉಜ್ಜುವ ಕೈಗೆ ಮೇಸ್ತ್ರಿಯ ಕೂಲಿ ಕೊಡಬೇಕೆಂಬುದು ನನ್ನ ಕೆಲಸಗಳಲ್ಲಿ ಕಟ್ಟುಪಾಡು. ಅದು ಎಲ್ಲ ಕಡೆ ಆಗಬೇಕು. ಕೂಲಿ ಸಿಗದ ವಿದ್ಯೆಯನ್ನು ಮಕ್ಕಳಿಗೆ ಯಾರೂ ಕಲಿಸುವುದಿಲ್ಲ.

ಈಗ ಸರ್ಕಾರದ ಮಾತು. ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆದರೆ ಸುಣ್ಣದಲ್ಲಿ ಕಟ್ಟಿದ ಶಾಲೆ, ಆಸ್ಪತ್ರೆ, ಕಚೇರಿಗಳು ರಾಜ್ಯದ ತುಂಬ ಇವೆ. ಅವುಗಳಿಗೆ ವರ್ಷ ವರ್ಷ ದುರಸ್ತಿ ನಡೆಯುತ್ತದೆ. ಆ ದುರಸ್ತಿಯಲ್ಲಿ ಸುಣ್ಣದ ಜಾಗಕ್ಕೆ ಸುಣ್ಣವೇ ಬರಬೇಕು ಎಂಬುದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಕಟ್ಟಡದ ಸುಣ್ಣ ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕ ಐಎಸ್ 712 ಇದೆ. ಅದರಲ್ಲಿ ಕೊನೆಯ ನುಣುಪು ಕೋಟಿಗೆ ಒಪ್ಪುವ ಕೊಬ್ಬಿನ ಸುಣ್ಣಕ್ಕೆ (ಫ್ಯಾಟ್ ಲೈಮ್) ಸಿ ವರ್ಗ ಎಂಬ ಹೆಸರೂ ಇದೆ. ಸುಣ್ಣವನ್ನು ಕೆಲಸದ ಜಾಗದಲ್ಲೇ ಅರಳಿಸುವ ಕ್ರಮಕ್ಕೆ ಐಎಸ್ 1635, ಸುಣ್ಣದ ಗಿಲಾವಿಗೆ ಐಎಸ್ 2394 ಇವೆ. ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳಿಗೆ ಸುಣ್ಣದ ಗಾರೆಯನ್ನೇ ಬಳಸುತ್ತದೆ. ಸ್ಮಾರಕಕ್ಕೆ ಸಲ್ಲುವುದು ತಾಲ್ಲೂಕು ಕಚೇರಿಗೂ ಸಲ್ಲುತ್ತದೆ.

ನಾನು ಕೇಳುವುದು ಇಷ್ಟು. ಹಳೆಯ ಕಟ್ಟಡದ ದುರಸ್ತಿಗೆ ಟೆಂಡರ್ ಕರೆಯುವಾಗ ಸುಣ್ಣದ ವರ್ಗ, ಅರಳಿಸಿದ ದಿನಾಂಕ, ಕೋಟುಗಳ ಸಂಖ್ಯೆ ಇವನ್ನು ಬರೆಯಿರಿ. ಒಂದು ಮೀಟರ್ ಚೌಕದ ಮಾದರಿ ಮಾಡಿಸಿ, ಅದು ಒಂದು ಮಳೆಗಾಲ ಕಳೆದ ಮೇಲೆ ಉಳಿದ ಕೆಲಸಕ್ಕೆ ಒಪ್ಪಿಗೆ ಕೊಡಿ. ಕೊನೆಯ ಕೋಟಿನ ಕೆಲಸಕ್ಕೆ ಚದರಡಿ ದರ ಬಿಟ್ಟು ದಿನಗೂಲಿ ಕೊಡಿ. ಐಟಿಐಗಳ ಕಟ್ಟಡ ಕೆಲಸದ ತರಗತಿಗೆ ಹಿರಿಯ ಗಾರೆ ಮೇಸ್ತ್ರಿಗಳನ್ನು ಗುರುಗಳಾಗಿ ಕರೆಸಿ. ಸರ್ಟಿಫಿಕೇಟ್ ಇಲ್ಲ ಎಂಬ ಕಾರಣಕ್ಕೆ ಅವರನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ.

ಹಳೆಯ ಮನೆ ಇರುವವರು ಸಿಮೆಂಟ್ ಚೀಲ ತರುವ ಮೊದಲು ಗೋಡೆಯಲ್ಲಿ ಒಂದು ಅಂಗೈ ಅಗಲ ಕೆರೆಸಿ ನೋಡಿ. ಒಳಗೆ ಸುಣ್ಣವಿದ್ದರೆ ಸುಣ್ಣವನ್ನೇ ಹಚ್ಚಿಸಿ. ಹೊಸ ಮನೆ ಕಟ್ಟುವವರಿಗೆ ಪಾಯದಿಂದ ಒಳಗೋಡೆಯ ಗಿಲಾವಿನ ತನಕ ಸಾಮಾನ್ಯವಾಗಿ ಐದಾರು ತಿಂಗಳು ಹಿಡಿಯುತ್ತದೆ. ಸುಣ್ಣ ಹದವಾಗಲು ಅಷ್ಟು ಕಾಲ ಧಾರಾಳ. ಪಾಯ ತೋಡುವ ದಿನವೇ ಸೈಟಿನ ಮೂಲೆಯಲ್ಲಿ ಒಂದು ತೊಟ್ಟಿ ಕಟ್ಟಿಸಿ, ಸುಣ್ಣ ಅರಳಿಸಿ, ಮುಚ್ಚಿಟ್ಟುಬಿಡಿ. ಇಡೀ ಮನೆಗೆ ಬೇಡ, ಮಲಗುವ ಕೋಣೆಯ ಒಂದು ಗೋಡೆಗೆ ಮಾಡಿಸಿದರೂ ಸಾಕು. ನಿಮ್ಮ ಊರಿನಲ್ಲಿ ಒಬ್ಬ ಮೇಸ್ತ್ರಿ, ಇಬ್ಬರು ಹೆಂಗಸರು ಆ ವಿದ್ಯೆಯನ್ನು ಮರೆಯದೆ ಉಳಿಸಿಕೊಳ್ಳುತ್ತಾರೆ. ಅವರಿಗೆ ಕೊಡುವ ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.